ಒಂದೇ ತೋಟದ ಎರಡು ಹೂವು

(ಕಾಫಿ ಹೂವಿನ ಸಮಯದಲ್ಲಿ ಮಲೆನಾಡಿನ ಒಂದು ಊರಿನಲ್ಲಿ ಬೆಳೆಗಾರರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ರೆಂಬೆ ಇಟ್ಟಿದ್ದೇನೆ. ಬೆಳಗ್ಗೆ ಬರುವಾಗ ಮುರಿದುಕೊಂಡು ಬಂದದ್ದು. ಎರಡರಲ್ಲೂ ಹೂವಿದೆ. ಎರಡೂ ಬಿಳಿ. ಎರಡಕ್ಕೂ ಮಲ್ಲಿಗೆಯನ್ನು ನೆನಪಿಸುವ ಪರಿಮಳ. ಮುಂದಿನ ಸಾಲಿನಲ್ಲಿ ಕೂತ ಹಿರಿಯರಿಗೆ ಎಲೆ ನೋಡಿದ ಕೂಡಲೇ ಗೊತ್ತಾಗಿರುತ್ತದೆ. ಚಿಕ್ಕ ಎಲೆಯದ್ದು ಅರೇಬಿಕಾ ಕಾಫಿ, ಅಗಲ ಎಲೆಯದ್ದು ರೋಬಸ್ಟಾ ಕಾಫಿ. ಎಲೆ ಮುಚ್ಚಿಟ್ಟು ಬರೀ ಹೂವು ತೋರಿಸಿದರೆ ನಮ್ಮಲ್ಲಿ ಬಹಳ ಜನ ತಡವರಿಸುತ್ತೇವೆ.

ಆದರೆ ಈ ಎರಡು ಹೂವುಗಳ ಬಾಳು ತೀರಾ ಬೇರೆ. ಅರೇಬಿಕಾ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಿಕೊಳ್ಳುತ್ತದೆ. ರೋಬಸ್ಟಾಗೆ ತನ್ನ ಪರಾಗ ಆಗುವುದೇ ಇಲ್ಲ. ಬೇರೆ ಗಿಡದ ಪರಾಗ ಬಂದರೆ ಕಾಯಿ, ಬಾರದಿದ್ದರೆ ಒಣಗಿ ಉದುರುತ್ತದೆ. ಒಂದೇ ತೋಟ, ಒಂದೇ ಮಣ್ಣು, ಒಂದೇ ಮಳೆ. ಆದರೂ ಯಾಕೆ ಹೀಗೆ?

ಹೂಬಿಡುವ ಗಿಡಗಳು ಸಂತಾನಕ್ಕೆ ಏನೇನು ದಾರಿ ಹಿಡಿದವು, ಆ ದಾರಿಗಳು ಹೇಗೆ ಬದಲಾದವು ಅಂತ ಮಾತಾಡಲು ನನ್ನನ್ನು ಕರೆದಿದ್ದೀರಿ. ಭೂಮಿಯ ಮೇಲೆ ಹೂಬಿಡುವ ಗಿಡಗಳಲ್ಲಿ ಸುಮಾರು 3 ಲಕ್ಷ ಜಾತಿಗಳಿವೆ. ನಾನು ತೋಟದ ಬೇಲಿಯ ಒಳಗೆ ಇರುವಷ್ಟನ್ನು ಮಾತ್ರ ಹೇಳುತ್ತೇನೆ. ಅದೇ ಒಂದು ಸಂಜೆಗೆ ಜಾಸ್ತಿ.

ಹೂಮಳೆಯಿಂದ ಶುರು ಮಾಡೋಣ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ಮೊಗ್ಗು ಗಂಟಿನಲ್ಲಿ ಸುಮ್ನೆ ಕೂತಿರುತ್ತದೆ. ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಒಂದು ಇಂಚು ಮಳೆ ಬಿತ್ತು ಅಂದರೆ ಎಂಟೊಂಬತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ. ಎರಡು ಮೂರು ದಿನ ಕಳೆದರೆ ಎಲ್ಲ ಕಂದು. ಬೆಳೆಗಾರನಿಗೆ ಇದು ವರ್ಷದ ಅತಿ ಆತಂಕದ ವಾರ. ಗಿಡಕ್ಕೆ ಇದು ಬೇರೆಯೇ ಒಂದು ಅನುಕೂಲ. ನಡೆಯಲಾಗದ ಗಿಡ, ತನ್ನಂತೆಯೇ ನಡೆಯಲಾಗದ ಇನ್ನೊಂದು ಗಿಡವನ್ನು ಸೇರಬೇಕಾದರೆ ಇಬ್ಬರ ಹೂವೂ ಒಂದೇ ದಿನ ಅರಳಿರಬೇಕು. ಮಳೆ ಊರಿಗೆಲ್ಲ ಡಂಗುರ ಸಾರಿದ ಹಾಗೆ ಆ ದಿನವನ್ನು ಗೊತ್ತು ಮಾಡುತ್ತದೆ. ಈಗ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕುತ್ತೇವೆ. ಆಗ ನಮ್ಮ ತೋಟದ ಹೂವು ಒಂದು ದಿನ, ಪಕ್ಕದವರದ್ದು ಇನ್ನೊಂದು ದಿನ. ಇದರ ಪರಿಣಾಮ ಏನು ಅನ್ನುವುದನ್ನು ತೋಟದಲ್ಲಿ ನೀರಿನ ಲೆಕ್ಕದಷ್ಟೇ ಗಮನವಿಟ್ಟು ನೋಡಬೇಕು ಅನ್ನಿಸುತ್ತದೆ.

ಈಗ ಒಂದು ಹೂವನ್ನು ಬಿಡಿಸಿ ನೋಡೋಣ. ಹಿಂದೆ ಕೂತವರು ಮುಂದೆ ಬನ್ನಿ. ಕೆಳಗೆ ಸಣ್ಣ ಕೊಳವೆ. ಮೇಲೆ ಎಸಳು. ಎಸಳುಗಳ ನಡುವೆ ನಿಂತ ಈ ಸಣ್ಣ ಕಡ್ಡಿಗಳು ಗಂಡು ಭಾಗ, ಇವುಗಳ ಮೇಲೆ ಪರಾಗ. ನಟ್ಟ ನಡುವೆ ಎದ್ದು ನಿಂತು ತುದಿಯಲ್ಲಿ ಎರಡಾಗಿ ಸೀಳಿದೆಯಲ್ಲ, ಅದು ಹೆಣ್ಣು ಭಾಗ. ಪರಾಗದ ಒಂದು ಕಣ ಆ ಸೀಳಿನ ಮೇಲೆ ಬಿದ್ದರೆ ಅದರಿಂದ ದಾರದಂಥ ಒಂದು ನಳಿಕೆ ಹೊರಟು, ಆ ಕಡ್ಡಿಯ ಒಳಗೇ ಇಳಿದು, ಕೆಳಗಿರುವ ಅಂಡವನ್ನು ಸೇರಬೇಕು. ಕೆಳಗೆ ಎರಡು ಅಂಡ ಇರುತ್ತವೆ. ಅದಕ್ಕೇ ಒಂದು ಹಣ್ಣಿನಲ್ಲಿ ಎರಡು ಬೀಜ, ಒಂದರ ಚಪ್ಪಟೆ ಮುಖಕ್ಕೆ ಇನ್ನೊಂದರ ಚಪ್ಪಟೆ ಮುಖ. ಎರಡರಲ್ಲಿ ಒಂದು ಅಂಡ ಮಾತ್ರ ಬೀಜವಾದರೆ ಅದು ಜಾಗವನ್ನೆಲ್ಲ ತಾನೇ ತುಂಬಿಕೊಂಡು ಗುಂಡಗಾಗುತ್ತದೆ. ಅದೇ ನೀವು ಬೇರೆ ಮಾಡಿ ಮಾರುವ ಪೀಬೆರಿ. ಕೈಯಲ್ಲಿ ಒಂದು ಪೀಬೆರಿ ಸಿಕ್ಕಿದಾಗಲೆಲ್ಲ, ಬಾರದೇ ಹೋದ ಇನ್ನೊಂದು ಬೀಜದ ನೆನಪು ನನಗೆ ಬರುತ್ತದೆ.

ಇಲ್ಲಿ ಒಂದು ಸಂಗತಿ ಗಮನಿಸಿ. ಗಂಡೂ ಹೆಣ್ಣೂ ಒಂದೇ ಹೂವಿನಲ್ಲಿವೆ, ನಡುವೆ ಬೆರಳಿನಷ್ಟೂ ಅಂತರ ಇಲ್ಲ. ತನ್ನ ಪರಾಗವನ್ನೇ ಬಳಸಿಕೊಂಡರೆ ಜೇನೂ ಬೇಡ, ಗಾಳಿಯೂ ಬೇಡ. ಹಾಗಿದ್ದೂ ಹೂಬಿಡುವ ಗಿಡಗಳಲ್ಲಿ ಸರಿಸುಮಾರು ಅರ್ಧದಷ್ಟು ಜಾತಿಗಳು ತಮ್ಮ ಪರಾಗವನ್ನು ತಾವೇ ತಿರಸ್ಕರಿಸುತ್ತವೆ.

ಯಾಕೆ ಅಂತ ಕೂತು ಎಣಿಸಿ ನೋಡಿದವರು ಚಾರ್ಲ್ಸ್ ಡಾರ್ವಿನ್. ಅವರಿಗೆ ಇದು ಬರೀ ಗಿಡದ ಪ್ರಶ್ನೆ ಆಗಿರಲಿಲ್ಲ. 1839ರಲ್ಲಿ ಅವರು ಮದುವೆಯಾದ ಎಮ್ಮಾ, ನಮ್ಮ ಮಾತಿನಲ್ಲಿ ಹೇಳುವುದಾದರೆ, ಸೋದರಮಾವನ ಮಗಳು. ನಮ್ಮ ಕಡೆ ಇದು ಮಾಮೂಲಿ ಸಂಬಂಧ. ಹತ್ತು ಮಕ್ಕಳಲ್ಲಿ ಮೂವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಹತ್ತಿರದ ರಕ್ತಸಂಬಂಧವೇ ಕಾರಣವಿರಬಹುದೇ ಅನ್ನುವ ಕೊರಗು ಅವರಲ್ಲಿ ಇತ್ತು. ಆ ಮನೆಯ ಹಿತ್ತಲಿನಲ್ಲೇ ಅವರು ಹನ್ನೊಂದು ವರ್ಷ ಗಿಡ ಬೆಳೆಸಿದರು. ಒಂದೇ ಕುಂಡದ ಈಚೆ ಬದಿಗೆ ಸ್ವಂತ ಪರಾಗದಿಂದ ಆದ ಬೀಜ, ಆಚೆ ಬದಿಗೆ ಬೇರೆ ಗಿಡದ ಪರಾಗದಿಂದ ಆದ ಬೀಜ. ಕೀಟ ಬಾರದ ಹಾಗೆ ಬಲೆ. ಮಾರ್ನಿಂಗ್ ಗ್ಲೋರಿ ಬಳ್ಳಿಯನ್ನು ಹತ್ತು ತಲೆಮಾರು ಹೀಗೆ ಬೆಳೆಸಿ ಎತ್ತರ ಅಳೆದರು. ಬೇರೆ ಗಿಡದ ಪರಾಗದ ಮಕ್ಕಳು 100 ಎಂದರೆ ಸ್ವಂತ ಪರಾಗದ ಮಕ್ಕಳು 77. 1876ರಲ್ಲಿ ಈ ಲೆಕ್ಕವನ್ನೆಲ್ಲ ಪುಸ್ತಕ ಮಾಡಿದರು.

ಇದರಲ್ಲಿ ನನಗೆ ತುಂಬ ಇಷ್ಟವಾದ ಭಾಗ ಬೇರೆ ಇದೆ. ಆರನೇ ತಲೆಮಾರಿನಲ್ಲಿ ಸ್ವಂತ ಪರಾಗದ ಒಂದು ಬಳ್ಳಿ ತನ್ನ ಎದುರಾಳಿಯನ್ನು ಸ್ವಲ್ಪದರಲ್ಲಿ ಹಿಂದಿಕ್ಕಿತು. ಡಾರ್ವಿನ್ ಅದಕ್ಕೆ 'ಹೀರೋ' ಅಂತಲೇ ಹೆಸರಿಟ್ಟರು. ತನ್ನ ಮಾತಿಗೆ ಎದುರು ನಿಂತ ಗಿಡಕ್ಕೆ ಅಂಥ ಹೆಸರು! ಹೀರೋನ ಮಕ್ಕಳೂ ಗಟ್ಟಿಯಾಗಿಯೇ ಬೆಳೆದವು. ಇಂದು ನಮಗೆ ಕಾರಣ ಗೊತ್ತಿದೆ. ಪ್ರತಿ ಗಿಡದಲ್ಲೂ ಕೆಲವು ಕೆಟ್ಟ ಜೀನುಗಳು ಒಳ್ಳೆಯ ಜೋಡಿಯ ಮರೆಯಲ್ಲಿ ಅಡಗಿರುತ್ತವೆ. ಸ್ವಂತ ಪರಾಗ ಬಳಸಿದಾಗ ಎರಡೂ ಕಡೆಯಿಂದ ಅದೇ ಕೆಟ್ಟದ್ದು ಬಂದು ಸೇರಿ, ಮಗು ಸೊರಗುತ್ತದೆ. ಆದರೆ ತಲೆಮಾರಿನ ಮೇಲೆ ತಲೆಮಾರು ಹಾಗೇ ನಡೆದರೆ ತೀರಾ ಕೆಟ್ಟದ್ದನ್ನು ಹೊತ್ತವು ಸತ್ತು, ಅದು ವಂಶದಿಂದಲೇ ತೊಲಗುವುದೂ ಉಂಟು. ಅಷ್ಟು ಕಾಲ ಬದುಕಿ ಉಳಿದರೆ ಮಾತ್ರ, ಅನ್ನಿ.

ಇನ್ನು ರೋಬಸ್ಟಾ ತನ್ನ ಪರಾಗವನ್ನು ಹೇಗೆ ಗುರುತಿಸುತ್ತದೆ? ನಮ್ಮಲ್ಲಿ ಮದುವೆ ಮಾತು ಬಂದರೆ ಮೊದಲು ಏನು ಕೇಳುತ್ತಾರೆ? ಯಾವ ಬಳಿ, ಯಾವ ಬೆಡಗು ಅಂತ, ಅಲ್ವಾ? ಒಂದೇ ಬೆಡಗಾದರೆ ಅಣ್ಣ ತಂಗಿ ಲೆಕ್ಕ, ಮಾತು ಅಲ್ಲಿಗೆ ಮುಗಿಯಿತು. ರೋಬಸ್ಟಾದಲ್ಲಿ ಹೆಚ್ಚುಕಡಿಮೆ ಅದೇ ಏರ್ಪಾಡು. ಪ್ರತಿ ಗಿಡದಲ್ಲಿ ಎರಡು ಬೆಡಗು, ಒಂದು ತಾಯಿ ಕಡೆಯದ್ದು, ಒಂದು ತಂದೆ ಕಡೆಯದ್ದು. ಪರಾಗದ ಕಣ ಇವೆರಡರಲ್ಲಿ ಒಂದನ್ನು ಮಾತ್ರ ಹೊತ್ತಿರುತ್ತದೆ. ಕಣ ಬಂದು ಹೆಣ್ಣಿನ ತುದಿಗೆ ಕೂತಾಗ ಅದರ ಬೆಡಗು ಹೆಣ್ಣಿನ ಎರಡರಲ್ಲಿ ಯಾವುದಕ್ಕೆ ಹೊಂದಿದರೂ ಸರಿ, ನಳಿಕೆ ದಾರಿ ನಡುವೆ ನಿಂತುಬಿಡುತ್ತದೆ. ಅಂಡದವರೆಗೆ ಹೋಗುವುದಿಲ್ಲ.

ಈ ಏರ್ಪಾಡಿನ ಒಂದು ಫಲ ನೋಡಿ. ಹೊಸ, ಅಪರೂಪದ ಬೆಡಗು ಹೊತ್ತ ಪರಾಗಕ್ಕೆ ಯಾವ ಮನೆಯಲ್ಲೂ ತಡೆ ಇಲ್ಲ. ಹಾಗಾಗಿ ಅಪರೂಪದ್ದು ಹೆಚ್ಚುತ್ತದೆ, ಹೆಚ್ಚಾದದ್ದಕ್ಕೆ ಬಾಗಿಲು ಮುಚ್ಚುತ್ತಾ ಬರುತ್ತದೆ. ಹೀಗೆ ಬಗೆಬಗೆಯ ಬೆಡಗುಗಳು ಉಳಿದುಕೊಳ್ಳುತ್ತವೆ. ಪೆರಡೇನಿಯಾ ಎಂಬ ಹಳೆಯ ರೋಬಸ್ಟಾದ ತೋಟ ಇಟ್ಟುಕೊಂಡವರು ಇಲ್ಲಿ ಯಾರಾದರೂ ಇದ್ದೀರಾ? ನಿಮ್ಮಲ್ಲಿ ಒಂದು ಗಿಡದ ಹಾಗೆ ಇನ್ನೊಂದು ಇರುವುದಿಲ್ಲ. ಎಲೆ ಬೇರೆ, ಕಾಯಿಯ ಗಾತ್ರ ಬೇರೆ, ಹಣ್ಣಾಗುವ ಸಮಯ ಬೇರೆ. ಕೊಯ್ಲಿಗೆ ಅದು ತಲೆನೋವು. ಆದರೆ ಪ್ರತಿ ಬೀಜಕ್ಕೂ ಬೇರೆ ತಂದೆ ಇದ್ದರೆ ಮತ್ತೆ ಹೇಗಿರಬೇಕು? ಒಂದು ಒಳ್ಳೆ ಗಿಡದಿಂದ ಕಡ್ಡಿ ಕತ್ತರಿಸಿ ಇಡೀ ತೋಟವನ್ನು ಅದರಿಂದಲೇ ತುಂಬಿಸುತ್ತೇನೆ ಅಂತ ಹೊರಟರೆ ಹೂವು ಬೇಕಾದಷ್ಟು ಬರುತ್ತದೆ, ಕಾಯಿ ನಿಲ್ಲುವುದಿಲ್ಲ. ಎಲ್ಲವೂ ಒಂದೇ ಬೆಡಗು. ಹಾಗಾಗಿ ನಾಲ್ಕಾರು ಬೇರೆ ಬೇರೆ ಗಿಡಗಳ ಕಡ್ಡಿಯನ್ನು ಬೆರೆಸಿ ನೆಡಬೇಕು.

ಅರೇಬಿಕಾದಲ್ಲಿ ಈ ತಡೆ ಎಲ್ಲಿ ಹೋಯಿತು? ಅರೇಬಿಕಾ ಹುಟ್ಟಿದ್ದೇ ಒಂದು ಅಪರೂಪದ ಬೆರಕೆಯಿಂದ. ಅದರ ಒಂದು ಕಡೆಯ ಹಿರೀಕ ಇದೇ ರೋಬಸ್ಟಾದ ಜಾತಿ. ಇನ್ನೊಂದು ಕಡೆ ಯುಜೆನಿಯಾಯ್ಡಿಸ್ ಎಂಬ ಆಫ್ರಿಕಾದ ಕಾಡು ಕಾಫಿ. ಎರಡರಲ್ಲೂ 22 ಕ್ರೋಮೋಸೋಮು, ಅಂದರೆ ಜೀನುಗಳನ್ನು ಹೊತ್ತ ಎಳೆಗಳು. ಬೆರೆತಾಗ ಅರ್ಧರ್ಧ ಬರುವ ಬದಲು ಎರಡರ ಪೂರ್ತಿ ಗಂಟೂ ಸೇರಿ 44 ಆಯಿತು. ಹೀಗೆ ಗಂಟು ದುಪ್ಪಟ್ಟಾದಾಗ ಪರಾಗದ ಕಣ ಒಂದರ ಬದಲು ಎರಡು ಬೆಡಗು ಹೊತ್ತು ಬರುತ್ತದೆ. ಆಗ ಗುರುತಿಸುವ ಏರ್ಪಾಡೇ ಗಲಿಬಿಲಿಯಾಗುತ್ತದೆ, ಎಷ್ಟೋ ಜಾತಿಗಳಲ್ಲಿ ಕಂಡಿರುವ ಮಾತು ಇದು. ಅಂಥ ಒಂಟಿ ಬೆರಕೆ ಗಿಡಕ್ಕೆ ಸುತ್ತಲೂ ಜೋಡಿಯಾಗುವ ಗಿಡವೂ ಇರುವುದಿಲ್ಲ. ತನ್ನನ್ನು ತಾನೇ ಒಪ್ಪಿಕೊಂಡದ್ದರಿಂದ ಉಳಿಯಿತು.

ತಡೆ ಮುರಿದ ಗಿಡಕ್ಕೆ ಮೊದಮೊದಲು ಲಾಭವೇ. ತಳಿವಿಜ್ಞಾನಿ ರೊನಾಲ್ಡ್ ಫಿಷರ್ 1941ರಲ್ಲಿ ತೋರಿಸಿದ ಲೆಕ್ಕ ಸರಳ. ತನ್ನ ಬೀಜಕ್ಕೆ ತಾಯಿಯೂ ತಾನೇ, ತಂದೆಯೂ ತಾನೇ ಆದ ಗಿಡ, ಮಿಕ್ಕ ಪರಾಗವನ್ನು ಪಕ್ಕದ ಗಿಡಗಳಿಗೂ ಕಳಿಸಬಲ್ಲದು. ಇತರರಿಗೆ ಎರಡು ಪಾಲು ಸಿಕ್ಕರೆ ಅದಕ್ಕೆ ಮೂರು. ಬೇರೆಯವರನ್ನು ಬಯಸುವ ಗಿಡ, ತನ್ನಷ್ಟಕ್ಕೆ ತಾನಿರುವ ಗಿಡವಾಗಿ ಬದಲಾಗುವುದು ಹೂವುಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಆಗಿದೆ. ಮತ್ತೆ ಹಿಂದಕ್ಕೆ ಬರುವುದು ತೀರಾ ಅಪರೂಪ. ಕಳೆದುಹೋದ ಬೆಡಗುಗಳನ್ನು ಹೊಸದಾಗಿ ಹುಟ್ಟಿಸುವುದು ಸುಲಭವಲ್ಲ.

ಇನ್ನೊಂದು ಲಾಭ ನಮ್ಮ ಜಿಲ್ಲೆಗೇ ಸೇರಿದ್ದು. ಬಾಬಾ ಬುಡನ್ ಅವರು 17ನೇ ಶತಮಾನದಲ್ಲಿ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎಂಬ ಐತಿಹ್ಯ ಇಲ್ಲಿ ಎಲ್ಲರಿಗೂ ಗೊತ್ತು. ಅಂಥ ಏಳು ಬೀಜ ರೋಬಸ್ಟಾದ್ದಾಗಿದ್ದರೆ? ಅದರಲ್ಲಿ ನಾಲ್ಕು ಮೊಳೆಯದೆ, ಎರಡನ್ನು ದನ ಮೇಯ್ದು, ಒಂದೇ ಉಳಿದಿದ್ದರೆ? ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಅರೇಬಿಕಾ ಆದದ್ದರಿಂದ ಒಂದು ಗಿಡ ಉಳಿದರೂ ಸಾಕು. ಇದು ಬರೀ ಊಹೆ ಅಂದುಕೊಳ್ಳಬೇಡಿ. 1706ರಲ್ಲಿ ಜಾವಾದಿಂದ ಆಮ್‌ಸ್ಟರ್‌ಡ್ಯಾಮ್‌ನ ಸಸ್ಯೋದ್ಯಾನಕ್ಕೆ ಹೋದ ಕಾಫಿ ಗಿಡದ ಸಂತಾನವೇ ಮುಂದೆ ಪ್ಯಾರಿಸ್‌ಗೆ, ಅಲ್ಲಿಂದ 1720ರ ದಶಕದಲ್ಲಿ ಸಮುದ್ರ ದಾಟಿ ಮಾರ್ಟಿನಿಕ್ ದ್ವೀಪಕ್ಕೆ ಹೋಯಿತು. ಅಮೆರಿಕ ಖಂಡದ ಎಷ್ಟೋ ತೋಟಗಳ ಮೂಲ ಅದೇ ಬೆರಳೆಣಿಕೆಯ ಗಿಡಗಳು. ದೂರದ ದ್ವೀಪಗಳಲ್ಲಿ, ಹೊಸ ನೆಲಗಳಲ್ಲಿ ಬೇರೂರುವ ಗಿಡಗಳಲ್ಲಿ ಇಂಥವೇ ಜಾಸ್ತಿ ಅಂತ ಸಸ್ಯವಿಜ್ಞಾನಿ ಹರ್ಬರ್ಟ್ ಬೇಕರ್ 1955ರಲ್ಲಿ ಬರೆದರು. ಒಬ್ಬರೇ ಹೋಗಿ ಸಂಸಾರ ಹೂಡಬಲ್ಲವರು.

ಬೆಲೆ ತೆತ್ತದ್ದು 1869ರಲ್ಲಿ. ಸಿಲೋನಿನ ಕಾಫಿ ಎಲೆಗಳ ಹಿಂಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿತು. ಎಲೆ ತುಕ್ಕು ರೋಗ. ಒಂದು ಗಿಡಕ್ಕೆ ಬಂದದ್ದನ್ನು ತಡೆಯುವ ಶಕ್ತಿ ಪಕ್ಕದ ಗಿಡಕ್ಕೂ ಇರಲಿಲ್ಲ, ಅದರ ಪಕ್ಕದ್ದಕ್ಕೂ ಇರಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ಅಲ್ಲಿಯ ಕಾಫಿ ತೋಟಗಳು ನೆಲಕಚ್ಚಿ, ಅದೇ ಗುಡ್ಡಗಳ ಮೇಲೆ ಚಹಾ ಎದ್ದಿತು. ಸ್ವಂತ ಪರಾಗವೊಂದೇ ಇದಕ್ಕೆ ಕಾರಣ ಅಂತ ನಾನು ಹೇಳಲಾರೆ. ಕೆಲವೇ ಬೀಜಗಳಿಂದ ಶುರುವಾದದ್ದೂ ಕಾರಣ, ಗುಡ್ಡಕ್ಕೆ ಗುಡ್ಡವೇ ಒಂದೇ ಬೆಳೆ ಹಾಕಿದ್ದೂ ಕಾರಣ. ಆದರೆ ಕೆಲವೇ ಬೀಜಗಳಿಂದ ಶುರುಮಾಡಲು ಬಿಟ್ಟದ್ದು ಆ ಹೂವಿನ ಗುಣವೇ ತಾನೇ? ರೋಬಸ್ಟಾವನ್ನು ಜಗತ್ತು ಹುಡುಕಿಕೊಂಡು ಹೋದದ್ದು ಈ ತುಕ್ಕಿನ ಹೊಡೆತದ ನಂತರ.

ಕಾಫಿಯನ್ನು ಸ್ವಲ್ಪ ಹೊತ್ತು ಬಿಟ್ಟು ತಲೆ ಎತ್ತಿ ನೋಡೋಣ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅದರ ತವರು ನಮ್ಮ ಘಟ್ಟವೇ. ಕಾಡಿನ ಮೆಣಸಿನಲ್ಲಿ ಸಾಮಾನ್ಯವಾಗಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಸ್ವಂತ ಪರಾಗದ ತಂಟೆಯೇ ಬೇಡ ಅಂತ ಮನೆಯನ್ನೇ ಬೇರೆ ಮಾಡಿಕೊಂಡ ಹಾಗೆ. ಹೂಬಿಡುವ ಜಾತಿಗಳಲ್ಲಿ ನೂರಕ್ಕೆ ಐದಾರು ಮಾತ್ರ ಈ ದಾರಿ ಹಿಡಿದಿವೆ. ತೋಟದ ಮೆಣಸಿನಲ್ಲಿ ಹಾಗಿಲ್ಲ. ಒಂದೇ ಹೂವಿನಲ್ಲಿ ಎರಡೂ ಇವೆ. ಇದನ್ನು ಮಾಡಿದವರು ನಮ್ಮ ಹಿರಿಯರು. ಕಾಯಿ ಬಿಡದ ಗಂಡು ಬಳ್ಳಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಒಂಟಿಯಾಗಿದ್ದರೂ ತೆನೆ ತುಂಬ ಕಾಳು ಕಟ್ಟಿದ ಬಳ್ಳಿ ಎಲ್ಲೋ ಕಂಡಾಗ ಅದರ ಕುಡಿ ಕತ್ತರಿಸಿ ಮನೆಯ ಹತ್ತಿರ ಊರಿದರು. ಅದರ ಕುಡಿ ಮಗಳ ಮನೆಗೂ ಹೋಯಿತು. ಹೀಗೆ ನೂರಾರು ವರ್ಷ. ಬಳ್ಳಿಯ ಸಂತಾನದ ಕ್ರಮವನ್ನೇ ಬದಲಿಸುತ್ತಿದ್ದೇವೆ ಅನ್ನುವ ಅರಿವು ಅವರಿಗೆ ಇದ್ದಿರಲಾರದು. ಆದರೆ ಅವರ ಕಣ್ಣು ಚುರುಕಾಗಿತ್ತು. ಜೂನ್, ಜುಲೈನ ಜಿಟಿಜಿಟಿ ಮಳೆಯ ನೀರು ತೆನೆಯ ಮೇಲಿಂದ ಕೆಳಗೆ ಇಳಿಯುವಾಗ ಪರಾಗವನ್ನೂ ಇಳಿಸುತ್ತದೆ. ಮಳೆ ಸರಿಯಾಗಿ ಹಿಡಿಯದ ವರ್ಷ ಕಾಳು ವಿರಳವಾಗುವುದನ್ನು ನೀವೆಲ್ಲ ಕಂಡಿದ್ದೀರಿ.

ವೆನಿಲ್ಲಾ ಹೆಸರು ಹೇಳಿದರೆ ಇಲ್ಲಿ ಕೆಲವರಿಗೆ ಎದೆ ಭಾರವಾಗುತ್ತದೆ. 2003ರ ಆಸುಪಾಸಿನಲ್ಲಿ ನಮ್ಮ ಮನೆಯಲ್ಲೂ ಹಾಕಿದ್ದೆವು. ಹಸಿ ಕೋಡಿಗೆ ಕೆಜಿಗೆ ಸಾವಿರಗಟ್ಟಲೆ ರೂಪಾಯಿ. ಆ ಹೂವು ಅರಳುವುದು ಒಂದೇ ಬೆಳಗ್ಗೆ, ಮಧ್ಯಾಹ್ನಕ್ಕೆ ಬಾಡುತ್ತದೆ. ಕಾಫಿ ಕುಡಿದು ಅಮ್ಮ, ನಾನು ಚೂಪು ಮಾಡಿದ ಊದುಬತ್ತಿ ಕಡ್ಡಿ ಹಿಡಿದು ಹೊರಡುತ್ತಿದ್ದೆವು. ಎಡಗೈಯಲ್ಲಿ ಹೂವು ಹಿಡಿದು ಅದರ ತುಟಿಯನ್ನು ಕಡ್ಡಿಯಿಂದ ಸೀಳಬೇಕು. ಒಳಗೆ ಪರಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ನಾಲಿಗೆಯಂಥ ಒಂದು ತೆಳು ಪರದೆ ಕಾಣುತ್ತದೆ. ಅದನ್ನು ಮೆಲ್ಲಗೆ ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗದ ಮುದ್ದೆಯನ್ನು ಒಳಕ್ಕೆ ಒತ್ತಬೇಕು. ಅಮ್ಮನಿಗೆ ಒಂದು ಹೂವಿಗೆ ಕೆಲವೇ ಕ್ಷಣ ಸಾಕಿತ್ತು. ನಾನು ಪರದೆಯನ್ನು ಹರಿದುಬಿಡುತ್ತಿದ್ದೆ. ಒಂದೆರಡು ದಿನದಲ್ಲಿ ಹೂವು ಉದುರದೆ ನಿಂತರೆ ಗೆದ್ದ ಹಾಗೆ. ಈ ಉಪಾಯವನ್ನು ಕಂಡುಹಿಡಿದದ್ದು ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್, 1841ರಲ್ಲಿ. ಆಗ ಅವನಿಗೆ 12 ವರ್ಷ. ಆ ಮಗುವಿನ ಬೆರಳು ಮಾಡಿದ್ದನ್ನೇ ಅಮ್ಮನ ಬೆರಳೂ ಮಾಡುತ್ತಿತ್ತು.

ರೋಬಸ್ಟಾಗೂ ವೆನಿಲ್ಲಾಗೂ ಇರುವ ವ್ಯತ್ಯಾಸ ನೋಡಿ. ವೆನಿಲ್ಲಾ ಕಟ್ಟಿದ್ದು ಬರೀ ಗೋಡೆ. ಗೋಡೆ ಸರಿಸಿದರೆ ಸ್ವಂತ ಪರಾಗವೂ ಆಗುತ್ತದೆ. ರೋಬಸ್ಟಾದಲ್ಲಿ ಗೋಡೆ ಇಲ್ಲ. ನೀವು ಎಷ್ಟು ಒತ್ತಿದರೂ ಒಳಗಿನ ತಡೆ ಸರಿಯುವುದಿಲ್ಲ. ತೋಟದ ಅಂಚಿನ ಅತ್ತಿ ಮರದ್ದು ಮೂರನೇ ದಾರಿ, ಸಮಯದ್ದು. ಅತ್ತಿಕಾಯಿ ಅಂದರೆ ಒಳಮುಖವಾಗಿ ಮಡಚಿದ ನೂರಾರು ಹೂವು. ಮೊದಲು ಹೆಣ್ಣು ಹೂವು ಸಿದ್ಧವಾಗುತ್ತದೆ. ಕಣ್ಣಿಗೆ ಸರಿಯಾಗಿ ಕಾಣದಂಥ ಸಣ್ಣ ಕಣಜ ರೆಕ್ಕೆ ಹರಿದುಕೊಂಡು ಒಳಗೆ ನುಗ್ಗಿ, ತಂದ ಪರಾಗ ಕೊಟ್ಟು, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಗಂಡು ಹೂವು ಬಲಿಯುವುದು ವಾರಗಳು ಕಳೆದ ಮೇಲೆ, ಆ ಕಣಜದ ಮಕ್ಕಳು ಹೊರಡುವ ಹೊತ್ತಿಗೆ. ಆ ಹೊತ್ತಿಗೆ ಸಾಮಾನ್ಯವಾಗಿ ಅದೇ ಮರದಲ್ಲಿ ಒಳಬಿಡುವ ಕಾಯಿ ಇರುವುದಿಲ್ಲ. ಹಾಗಾಗಿ ಪರಾಗ ಹೊತ್ತ ಕಣಜ ಬೇರೆ ಮರಕ್ಕೇ ಹಾರಬೇಕು. ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಅಂತ ನಾವು ಬೈಯುತ್ತೇವೆ. ಆ ಹುಳ ಇಲ್ಲದಿದ್ದರೆ ಅತ್ತಿಗೆ ಬೀಜವೇ ಇಲ್ಲ.

ಈಗ ಮತ್ತೆ ಈ ಎರಡು ರೆಂಬೆಗೆ ಬರೋಣ. ಬಾಗಿಲಲ್ಲಿ ಸಿಕ್ಕ ಒಬ್ಬ ವಿದ್ಯಾರ್ಥಿನಿ ಕೇಳಿದಳು: ಅರೇಬಿಕಾಗೆ ಜೇನು ಬೇಡ ಅಂದರೆ ಈ ಪರಿಮಳ, ಈ ಮಕರಂದ ಯಾಕೆ? ಒಳ್ಳೆಯ ಪ್ರಶ್ನೆ. ಸ್ವಂತ ಪರಾಗಕ್ಕೆ ಪೂರ್ತಿ ಒಗ್ಗಿದ ಎಷ್ಟೋ ಗಿಡಗಳಲ್ಲಿ ಹೂವು ಚಿಕ್ಕದಾಗಿದೆ, ಬಣ್ಣ ಮಾಸಿದೆ, ವಾಸನೆ ಹೋಗಿದೆ. ಬಾರದ ನೆಂಟರಿಗೆ ಅಡುಗೆ ಮಾಡುವುದನ್ನು ಅವು ನಿಲ್ಲಿಸಿವೆ. ಅರೇಬಿಕಾ ಇನ್ನೂ ನಿಲ್ಲಿಸಿಲ್ಲ. ಅದರ ಬಹುಪಾಲು ಬೀಜ ಸ್ವಂತದ್ದೇ ಆದರೂ ಜೇನು ತಂದ ಪರಾಗ ಒಂದಿಷ್ಟು ಬೀಜಕ್ಕೆ ಸಿಗುತ್ತದೆ. ಬಾಗಿಲಿಗೆ ಚಿಲಕ ಹಾಕಿಲ್ಲ.

ಈ ಚಿಲಕ ಹಾಕದ ಬಾಗಿಲಿನಿಂದ ನಮಗೆ ಏನು ಬಂತು ಅಂತ ಹೇಳುತ್ತೇನೆ. ನಿಮ್ಮ ತೋಟದಲ್ಲಿ ಎಸ್ 795 ಇದೆ, ಅಲ್ವಾ? ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ತಳಿ. ಅದರ ಒಂದು ಕಡೆ ಕೆಂಟ್ಸ್ ಎಂಬ ಅರೇಬಿಕಾ ತಳಿ. ಇನ್ನೊಂದು ಕಡೆ ಹಿಂದಕ್ಕೆ ಹೋದರೆ ಒಂದು ಗಿಡ ಸಿಗುತ್ತದೆ, ಯಾರೂ ಕೈಯಾರೆ ಮಾಡದೆ ತಾನಾಗಿ ಲೈಬೀರಿಕಾ ಕಾಫಿಯೊಂದಿಗೆ ಬೆರೆತು ಹುಟ್ಟಿದ್ದು. ತುಕ್ಕನ್ನು ತಡೆಯುವ ಶಕ್ತಿ ಬಂದದ್ದು ಆ ಬೆರಕೆಯಿಂದ. ಚಂದ್ರಗಿರಿ ಹಾಕಿದವರು ಇದ್ದೀರಿ, ಕಾವೇರಿ ಹಾಕಿದವರೂ ಇದ್ದೀರಿ. ಅವೆರಡರ ಹಿಂದೆಯೂ ಟಿಮೋರ್ ದ್ವೀಪದ ಒಂದು ಗಿಡ ಇದೆ. 1927ರಲ್ಲಿ ಅಲ್ಲಿಯ ಅರೇಬಿಕಾ ತೋಟದಲ್ಲಿ ಕಂಡದ್ದು, ಅರೇಬಿಕಾ ಮತ್ತು ರೋಬಸ್ಟಾ ತಾವಾಗಿ ಸೇರಿ ಹುಟ್ಟಿದ್ದು. ಯಾವ ಜೇನು, ಯಾವ ಬೆಳಗ್ಗೆ ಒಂದು ಹೂವಿನಿಂದ ಇನ್ನೊಂದಕ್ಕೆ ಹಾರಿತೋ. ಅರೇಬಿಕಾ ಆವತ್ತು ಪರಿಮಳ ಬೀರದೆ ಇದ್ದಿದ್ದರೆ ಆ ಗಿಡವೂ ಇಲ್ಲ, ಚಂದ್ರಗಿರಿಯೂ ಇಲ್ಲ.

ಹಾಗಾಗಿ ಹೂವಿನ ಹೊತ್ತಿಗೆ ತೋಟದಲ್ಲಿ ಹೆಜ್ಜೇನು ಮೊರೆಯುವ ಸದ್ದು ಕೇಳಿದಾಗ ರೋಬಸ್ಟಾದ ಫಸಲಷ್ಟೇ ನನ್ನ ಕಣ್ಣ ಮುಂದೆ ಬರುವುದಿಲ್ಲ. ಹೆಜ್ಜೇನಿನ ಮರವನ್ನು ಕಡಿಯುವ ಮೊದಲು, ಹೂವಿನ ವಾರದಲ್ಲಿ ಸ್ಪ್ರೇ ಮಾಡುವ ಮೊದಲು ದಯವಿಟ್ಟು ಎರಡು ಸಲ ಯೋಚಿಸಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ.

ಕೊನೆಗೆ ವಿದ್ಯಾರ್ಥಿಗಳಿಗೆ ಒಂದು ಕೆಲಸ. ನನ್ನ ಮಾತನ್ನು ನಂಬಬೇಡಿ, ಪರೀಕ್ಷೆ ಮಾಡಿ. ಮೊಗ್ಗು ಅರಳುವ ಒಂದು ದಿನ ಮುಂಚೆ ಒಂದು ರೋಬಸ್ಟಾ ಗಿಡದ ಮೂರು ರೆಂಬೆ ಆರಿಸಿಕೊಳ್ಳಿ. ಒಂದಕ್ಕೆ ಬಟರ್ ಪೇಪರ್ ಕವರ್ ಕಟ್ಟಿ. ಜೇನೂ ಒಳಗೆ ಹೋಗದು, ಗಾಳಿಯ ಪರಾಗವೂ ಹೋಗದು. ಇನ್ನೊಂದಕ್ಕೆ ಸೊಳ್ಳೆ ಪರದೆಯ ಬಟ್ಟೆ. ಅದರಲ್ಲಿ ಜೇನು ತೂರದು, ಪರಾಗದ ಪುಡಿ ತೂರುತ್ತದೆ. ಮೂರನೆಯದನ್ನು ಹಾಗೇ ಬಿಡಿ. ಪಕ್ಕದ ಅರೇಬಿಕಾದಲ್ಲೂ ಇದೇ ಮೂರು. ಹೂವು ಎಣಿಸಿ ಬರೆದಿಡಿ. ಹೂವು ಬಾಡಿದ ಮೇಲೆ ಕವರ್ ಬಿಚ್ಚಿ, ಗುರುತಿಗೆ ನೂಲು ಕಟ್ಟಿ. ಮುಂಗಾರು ಹಿಡಿದು ಕಾಯಿ ಊದಲು ಶುರುವಾದಾಗ ಮತ್ತೆ ಎಣಿಸಿ. ಆರು ರೆಂಬೆಯ ಲೆಕ್ಕ ಒಂದೇ ಪುಟದಲ್ಲಿ ಇರಲಿ.

ಕವರುಗಳನ್ನು ತಂದಿದ್ದೇನೆ, ಬಾಗಿಲ ಹತ್ತಿರದ ಚೀಲದಲ್ಲಿವೆ. ಹೋಗುವಾಗ ತೆಗೆದುಕೊಳ್ಳಿ. ಮೇಲಿನ ಊರುಗಳಲ್ಲಿ ನಿನ್ನೆ ರಾತ್ರಿ ಮಳೆಯಾಗಿದೆಯಂತೆ. ಅಲ್ಲಿಯವರಿಗೆ ಇನ್ನು ಒಂದು ವಾರ ಸಮಯವಿದೆ.